ಹದಿನೈದನೆಯ ತೋಳು

ನಮ್ಮ ಆಸ್ಪತ್ರೆಯ ಸಿಬ್ಬಂದಿ ಒಟ್ಟು ಹದಿನೈದು ಜನ. ತಲೆಗೊಂದರಂತೆ ನನಗೆ ಹದಿನೈದು ತೋಳು ಬೇಕಾಗಿತ್ತು. ಹದಿನಾಲ್ಕು ಸಿಕ್ಕಿದವು. ಹದಿನೈದನೆಯದು ತೋಂಟದಾರ್ಯನವರದು. ಅದು ಬಿಳಿ ಷರ್ಟಿನ ತುಂಬುತೋಳಿನೊಳಗೆ, ಮಣಿಕಟ್ಟಿನ ಗುಂಡಿಯನ್ನೂ ಬಿಡದೆ ಹಾಕಿಕೊಂಡು, ಮೂರು ವಾರ ನನ್ನ ಕೈಗೆ ಸಿಗದೆ ತಪ್ಪಿಸಿಕೊಂಡಿತು.

ನಾನು ಶಾಹಿದಾ ಬೇಗಂ. ತಿಪಟೂರಿನ ಈ ಮಕ್ಕಳ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ನರ್ಸು, ಈಗ ಎಲ್ಲರಿಗಿಂತ ಹಿರಿಯಳು. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಹೇಳುತ್ತಾರೆ. ಬರುವುದು ಬೇಗ ನಿಜ, ಹೋಗುವುದು ನಿಧಾನ ಎಂಬುದನ್ನೂ ಸೇರಿಸಿ ಹೇಳಿದರೆ ಸರಿಯಾಗುತ್ತದೆ. ಮಕ್ಕಳ ಮೇಲೆ ಮಾತ್ರ ನನಗೆ ಸಿಟ್ಟು ಬರುವುದಿಲ್ಲ. ಅದೆಲ್ಲ ದೊಡ್ಡವರಿಗೇ ಮೀಸಲು, ಅದರಲ್ಲಿ ಮುಕ್ಕಾಲು ಪಾಲು ತೋಂಟದಾರ್ಯನವರಿಗೆ.

ಅವರು ನಮ್ಮಲ್ಲಿ ಟೋಕನ್ ಕೊಡುವವರು. ವಯಸ್ಸು ಅರವತ್ತೊಂದು. ಅದಕ್ಕೆ ಮುಂಚೆ ಮೂವತ್ತು ವರ್ಷ ಕೊಬ್ಬರಿ ಮಂಡಿಯಲ್ಲಿದ್ದರು. ನಮ್ಮ ಕಡೆ ತೆಂಗಿನಕಾಯಿಯನ್ನು ಸುಮಾರು ಒಂದು ವರ್ಷ ಅಟ್ಟದ ಮೇಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ಒಂದೊಂದನ್ನೂ ಒಡೆದು ನೋಡಲಾಗುತ್ತದೆಯೇ? ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಸದ್ದು ಕೇಳಿ ಹೇಳಬೇಕು. ಅದರಲ್ಲಿ ತೋಂಟದಾರ್ಯನವರನ್ನು ಮೀರಿಸುವವರು ಇರಲಿಲ್ಲವಂತೆ. ಹಾಗೆಂದು ಹೇಳಿದ್ದು ಅವರೇ.

ಮಂಡಿಯ ಯಜಮಾನರು ತೀರಿಕೊಂಡು ಅಂಗಡಿ ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದರು. ಬರುವಾಗ ಆ ಕಿವಿಯನ್ನು ಮಂಡಿಯಲ್ಲೇ ಬಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಬಿಡಲಿಲ್ಲ. ಟೋಕನ್ ಮೇಜಿನ ಮುಂದೆ ಮಗು ಕೆಮ್ಮಿದರೆ ಸಾಕು, ಕಣ್ಣು ಮುಚ್ಚಿ, ತಲೆ ಓರೆ ಮಾಡಿ ತೀರ್ಪು ಕೊಡುತ್ತಿದ್ದರು.

"ಇದು ಒಣ ಕೆಮ್ಮು ಕಣಮ್ಮ, ಗಾಬ್ರಿ ಬೀಳ್ಬ್ಯಾಡ, ಕೂತ್ಕೊ. ಏ, ಆ ಮಗೂಗೆ ಎದೆ ಒಳಗೆ ನೀರೈತೆ, ದಾರಿ ಬುಡ್ರೀ, ಅವರು ಮೊದ್ಲು ಹೋಗ್ಲಿ."

ಮೊದಮೊದಲು ನಮ್ಮ ಡಾಕ್ಟರ್ ಜೀವಿತಾ ಮೇಡಂ ನಕ್ಕರು. ಆಮೇಲೆ ನಗಲಿಲ್ಲ, ಏಕೆಂದರೆ ಹತ್ತರಲ್ಲಿ ಎಂಟು ಸಲ ಅವರ ತೀರ್ಪು ಸರಿಯಿರುತ್ತಿತ್ತು. ಒಬ್ಬ ಮನುಷ್ಯ ಹತ್ತರಲ್ಲಿ ಎರಡು ಸಲ ಸರಿಯಾಗಿದ್ದರೆ ಅವನ ಜೊತೆ ಏಗಬಹುದು. ಎಂಟು ಸಲ ಸರಿಯಾದವನ ಜೊತೆ ಏಗುವುದು ಯಾರಿಂದಲೂ ಆಗುವುದಿಲ್ಲ.

ಈ ಕಥೆ ಶುರುವಾದ ದಿನವೂ ಅವರದೇ ಸರಿಯಾಗಿತ್ತು. ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬ ತಾಯಿ, ಇನ್ನೂ ಎರಡು ತಿಂಗಳು ತುಂಬಿರದ ಹೆಣ್ಣುಮಗುವನ್ನು ಮಡಿಲಲ್ಲಿಟ್ಟುಕೊಂಡು ಸಾಲಿನ ಕೊನೆಯಲ್ಲಿ ಕೂತಿದ್ದಳು. ಮಗು ಕೆಮ್ಮಿತು. ಬಿಡುವಿಲ್ಲದೆ ಕೆಮ್ಮಿ ಕೆಮ್ಮಿ, ಮುಖ ನೀಲಿಗಟ್ಟಿ, ಕೊನೆಗೆ ಉಸಿರೆಳೆದುಕೊಳ್ಳುವಾಗ 'ಕೂ' ಎಂದಿತು. ತೋಂಟದಾರ್ಯನವರು ಕುರ್ಚಿ ಬೀಳುವ ಹಾಗೆ ಎದ್ದರು. ತಾಯಿಯ ಮಡಿಲಿಂದ ಮಗುವನ್ನು ಎತ್ತಿಕೊಂಡು ಡಾಕ್ಟರ ಕೋಣೆಗೆ ಓಡಿದರು. ದಾರಿಯುದ್ದಕ್ಕೂ ಮಗು ಅವರ ಮುಖಕ್ಕೇ ಕೆಮ್ಮಿತು.

"ಮೇಡಂ, ನಾಯಿಕೆಮ್ಮು!" ಎಂದರು.

ಹೌದಾಗಿತ್ತು. ಮಗುವನ್ನು ಆಗಿಂದಾಗಲೇ ಆಂಬುಲೆನ್ಸಿನಲ್ಲಿ ತುಮಕೂರಿಗೆ ಕಳಿಸಿದೆವು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಬದುಕಿಕೊಂಡಿತು. ಇನ್ನರ್ಧ ಗಂಟೆ ಸಾಲಿನಲ್ಲೇ ಕೂತಿದ್ದರೆ ಏನಾಗುತ್ತಿತ್ತೋ ನಾನು ಹೇಳಲಾರೆ. ಆ ಮಗುವನ್ನು ಉಳಿಸಿದ್ದು ತೋಂಟದಾರ್ಯನವರ ಕಿವಿಯೇ. ನನಗೆ ಅವರ ಮೇಲೆ ಎಷ್ಟೇ ಸಿಟ್ಟಿರಲಿ, ಅದನ್ನು ಇಲ್ಲ ಎನ್ನಲಾಗದು.

ಮರುದಿನ ಮೇಡಂ ಎಲ್ಲರನ್ನೂ ಸೇರಿಸಿ ಎರಡು ಮಾತು ಹೇಳಿದರು. ಒಂದು, ಮಗುವಿನ ಹತ್ತಿರವಿದ್ದವರೆಲ್ಲ ಐದು ದಿನ ಮಾತ್ರೆ ನುಂಗಬೇಕು. ಎರಡು, ಸಿಬ್ಬಂದಿಯೆಲ್ಲ ನಾಯಿಕೆಮ್ಮಿನ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. "ಚಿಕ್ಕಂದಿನಲ್ಲಿ ಹಾಕಿಸಿಕೊಂಡಿದ್ದರೂ ವರ್ಷ ಕಳೆದಂತೆ ಅದರ ಬಲ ಇಳಿದುಹೋಗುತ್ತೆ. ಹುಟ್ಟಿದ ಮಗುವಿಗೆ ಆರು ವಾರ ತುಂಬೋವರೆಗೂ ಈ ಲಸಿಕೆ ಕೊಡೋಕಾಗಲ್ಲ. ಅಲ್ಲೀವರೆಗೆ ಸುತ್ತ ಇರೋ ದೊಡ್ಡವರೇ ಅದಕ್ಕೆ ಬೇಲಿ" ಎಂದರು. ತೆಂಗಿನ ಸಸಿ ನೆಟ್ಟವರಿಗೆ ಬೇಲಿಯ ಮಾತು ಬಿಡಿಸಿ ಹೇಳಬೇಕೇ? ಎಲ್ಲರೂ ತಲೆಯಾಡಿಸಿದರು. ತೋಂಟದಾರ್ಯನವರು ಎಲ್ಲರಿಗಿಂತ ಜೋರಾಗಿ ಆಡಿಸಿದರು.

ನಾನು ಅವತ್ತೇ ಸಿರಿಂಜು ಹಿಡಿದು ಕೂತೆ. ಆಯಾ ಮೀನಾಕ್ಷಮ್ಮ ಎಡತೋಳಿಗೆ ಹಾಕಿಸಿಕೊಂಡು, "ಬಲಕ್ಕೂ ಒಂದು ಹಾಕ್ಬುಡಿ ಸಿಸ್ಟರ್, ಮಕ್ಳ ಎತ್ಕೊಳ್ಳೋದು ಈ ಕೈಲೇ ಅಲ್ವಾ" ಎಂದಳು. ಲ್ಯಾಬಿನ ವಾಸಿಫ್ ದಿನವಿಡೀ ಊರವರ ರಕ್ತ ಹೀರುವವನು. ನಾನಿನ್ನೂ ಸೂಜಿಯ ಮುಚ್ಚಳ ತೆಗೆದಿರಲಿಲ್ಲ, ಕಣ್ಣು ಮುಚ್ಚಿಕೊಂಡು "ಆಯ್ತಾ ಆಪಾ?" ಎಂದು ಕೇಳಿದ. ಸಂಜೆಯೊಳಗೆ ಹದಿನಾಲ್ಕು ತೋಳು ಮುಗಿದವು.

ತೋಂಟದಾರ್ಯನವರು ಮೊದಲ ದಿನ, "ಇವತ್ತು ಸೋಮವಾರ ಕಣ್ರೀ, ಉಪವಾಸ" ಎಂದರು. ಮಂಗಳವಾರ ಮಂಗಳವಾರವಾಗಿತ್ತು. ಬುಧವಾರ ಎಡಮಗ್ಗುಲಲ್ಲಿ ಎದ್ದಿದ್ದರು. ಹೀಗೆ ವಾರದ ದಿನಗಳೆಲ್ಲ ಮುಗಿದ ಮೇಲೆ ಸತ್ಯ ಹೊರಗೆ ಬಂತು.

"ನೋಡಿ ಸಿಸ್ಟರಮ್ಮ, ಆ ಸೂಜಿ ಕೆಮ್ಮು ಗೊತ್ತಾಗ್ದೇ ಇರೋರಿಗೆ. ನಂಗೆ ಕೆಮ್ಮು ಬಾಗಲಲ್ಲಿದ್ದಂಗೇ ಗೊತ್ತಾಯ್ತದೆ. ನಾಯಿಕೆಮ್ಮು ನನ್ನ ಹತ್ರ ಬಂದ್ರೆ ಸದ್ದು ಕೇಳ್ಸಲ್ವಾ?"

"ಸದ್ದು ಕೇಳ್ಸೋ ಹೊತ್ತಿಗೆ ಅದು ಒಳಗೆ ಬಂದು ಕೂತಿರುತ್ತೆ ಯಜಮಾನ್ರೇ."

"ಬಂದ್ರೆ ಎಬ್ಬಿಸ್ತೀನಿ ಬುಡಿ."

ಮೇಡಂ ಅವರೊಡನೆ ವಾದ ಮಾಡಲಿಲ್ಲ. ಸೂಜಿ ಆಗುವ ತನಕ ಮಕ್ಕಳ ನಡುವೆ ಕೂರುವಂತಿಲ್ಲ ಎಂದು ಹೇಳಿ, ಮಾಸ್ಕ್ ಹಾಕಿಸಿ, ಹಿಂದಿನ ಹಳೆಯ ಕಡತಗಳ ಕೋಣೆಗೆ ಕಳಿಸಿದರು. ಅಲ್ಲಿ ಹೋದರೂ ಕಿವಿ ಸುಮ್ಮನಿರಬೇಕಲ್ಲ? ಗೋಡೆಯಾಚೆಯಿಂದಲೇ ಕೂಗು ಬರುತ್ತಿತ್ತು: "ಈಗ ಕೆಮ್ಮಿದ್ದು ಯಾರ ಮಗು? ಮೊದ್ಲು ಒಳಕ್ಕೆ ಬುಡ್ರೀ!" ತಾಯಂದಿರು ಬೆಚ್ಚಿ ಗೋಡೆ ನೋಡುತ್ತಿದ್ದರು.

ಎರಡನೆಯ ವಾರದಲ್ಲಿ ಗೋಡೆಯೂ ಕೆಮ್ಮತೊಡಗಿತು.

"ಧೂಳು ಕಣ್ರೀ," ಎಂದರು ನಾನು ಬಾಗಿಲಲ್ಲಿ ನಿಂತು ಕೇಳಿದಾಗ. ಮಾಸ್ಕು ಗಡ್ಡಕ್ಕೆ ಜೋಳಿಗೆ ಕಟ್ಟಿದ ಹಾಗೆ ತೂಗುತ್ತಿತ್ತು. "ಈ ಕಡತದ ಧೂಳು, ಮನೇಲಿ ಕೊಬ್ಬರಿ ಮಟ್ಟೆ ಧೂಳು. ನಮ್ಮದು ನಾಲ್ಕು ತಲೆಮಾರಿನ ಕೆಮ್ಮು. ನಮ್ಮ ತಾತ ಹಿಂಗೇ ಕೆಮ್ತಿದ್ದ, ನಮ್ಮಪ್ಪನೂ ಹಿಂಗೇ ಕೆಮ್ತಿದ್ದ."

ತಾತ ಅಪ್ಪನ ಹೆಸರು ತಂದ ಮೇಲೆ ಅದು ಮನೆತನದ ಮಾತಾಯಿತು. ಮಾಸ್ಕನ್ನು ಮೇಲಕ್ಕೆ ಎಳೆದು ಬಂದೆ. ಆವತ್ತೇ ಅನುಮಾನ ಪಡಬೇಕಾಗಿತ್ತು ನಾನು. ಪಡಲಿಲ್ಲ. ಅದು ನನ್ನ ತಪ್ಪು, ಬರೆದಿಟ್ಟಿದ್ದೇನೆ.

ಅಷ್ಟರಲ್ಲಿ ಅವರು ತಾತನಾದರು. ಒಬ್ಬಳೇ ಮಗಳು ಆಶಾ, ತುರುವೇಕೆರೆಗೆ ಕೊಟ್ಟಿತ್ತು. ಗಂಡನ ಮನೆಯಿಂದ ನೇರವಾಗಿ ತಿಪಟೂರಿನ ಹೆರಿಗೆ ಆಸ್ಪತ್ರೆಗೆ ಬಂದಳು, ಆಪರೇಷನ್ ಆಯಿತು, ಹೆಣ್ಣು ಮಗು. ವಾರ ಕಳೆದ ಮೇಲೆ ಬಾಣಂತನಕ್ಕೆ ಹೊನ್ನವಳ್ಳಿಯ ತವರಿಗೆ ಬರುವುದೆಂದಾಗಿತ್ತು. ಆ ಆಸ್ಪತ್ರೆಯಲ್ಲಿ ಗಂಡಸರನ್ನು ಒಳಗೆ ಬಿಡುವುದಿಲ್ಲ. ತೋಂಟದಾರ್ಯನವರು ದಿನಾ ಹೋಗಿ, ಗಾಜಿನ ಬಾಗಿಲಿಗೆ ಮೂಗು ಒತ್ತಿ, ಯಾವುದೋ ಬಟ್ಟೆಯ ಗಂಟು ನೋಡಿ ಬಂದು, "ನಮ್ಮವ್ವನ ಹಣೆ ಬಂದೈತೆ" ಎಂದು ಹೇಳುತ್ತಿದ್ದರು.

ಅವ್ವನ ವಿಷಯ ಬಂದಾಗ ಮಾತ್ರ ಅವರ ಜಂಬ ಇಳಿಯುತ್ತಿತ್ತು. ಅವರ ಮನೆಯ ಪದ್ಧತಿ ಹೀಗೆ: ಹನ್ನೊಂದನೆಯ ದಿನ ತೊಟ್ಟಿಲಿಗೆ ಹಾಕುವಾಗ, ತಾಯಿಯ ತಂದೆ ಮಗುವಿನ ಕಿವಿಗೆ ಬಾಯಿಟ್ಟು ಮೂರು ಸಲ ಹೆಸರು ಹೇಳಬೇಕು. ಸರ್ಟಿಫಿಕೇಟಿಗೆ ಆಶಾ ಇಂಚರ ಎಂದು ಆರಿಸಿಕೊಂಡಿದ್ದಳು. ಕಿವಿಯ ಹೆಸರು ಅಪ್ಪನಿಗೆ ಬಿಟ್ಟಿದ್ದಳು. ಅಪ್ಪನಿಗೆ ಬೇಕಾಗಿದ್ದು ತನ್ನ ತಾಯಿಯ ಹೆಸರು, ಸಿದ್ದಗಂಗಮ್ಮ.

"ನಂಗೆ ಏಳು ವರ್ಷ ಇದ್ದಾಗ ಹೋದ್ಲು ಸಿಸ್ಟರಮ್ಮ," ಎಂದಿದ್ದರು ಒಮ್ಮೆ. "ಆಮೇಲೆ ನಮ್ಮನೇಲಿ ಆ ಹೆಸ್ರು ಕೂಗಿದೋರೇ ಇಲ್ಲ. ಐವತ್ನಾಕು ವರ್ಷ ಆತು. ಒಂದ್ಸಲ ಕೂಗ್ಬುಟ್ರೆ ಸಾಕು, ಇನ್ನೇನೂ ಬ್ಯಾಡ ನಂಗೆ."

ನನ್ನ ಮಗ ಹುಟ್ಟಿದಾಗ ನಮ್ಮ ಮಾವ ಅವನನ್ನು ಎತ್ತಿಕೊಂಡು ಕಿವಿಯಲ್ಲಿ ಅಜಾನ್ ಹೇಳಿದ್ದರು. ಆಗ ಅವರ ಮುಖ ಹೇಗಿತ್ತೆಂದು ನನಗೆ ಇವತ್ತಿಗೂ ನೆನಪಿದೆ. ಆದ್ದರಿಂದ ಈ ವಿಷಯದಲ್ಲಿ ನಾನು ತೋಂಟದಾರ್ಯನವರನ್ನು ಚುಡಾಯಿಸಲಿಲ್ಲ.

ಮಗು ಹುಟ್ಟಿದ ಏಳನೆಯ ದಿನ ಬೆಳಿಗ್ಗೆ ಅವರೇ ನನ್ನ ಕೋಣೆಗೆ ಬಂದರು. ಮಣಿಕಟ್ಟಿನ ಗುಂಡಿ ಬಿಚ್ಚಿದರು. ತೋಳು ಮಡಿಸಿದರು. ಸೂಜಿ ಹಾಕಿಸಿಕೊಳ್ಳದವರು ಮಗುವಿನ ಹತ್ತಿರ ಬರಬೇಡಿ ಎಂದು ಹೆರಿಗೆ ಡಾಕ್ಟರು ಹೇಳಿದ್ದರಂತೆ. ಆಶಾ ಅಪ್ಪನಿಗೆ ಫೋನಿನಲ್ಲಿ ಚೆನ್ನಾಗಿ ಬೈದಿದ್ದಳು. ಸಂಜೆ ಮಗು ಮನೆಗೆ ಬರುವುದಿತ್ತು.

"ಹಾಕ್ಬುಡಿ. ಸೋತೆ," ಎಂದರು.

ಮೂರು ವಾರ ಕಾದ ತೋಳು! ಹತ್ತಿ ಒತ್ತಿ ಒರೆಸಿದೆ. ಅಷ್ಟರಲ್ಲಿ ಅವರಿಗೆ ಕೆಮ್ಮು ಬಂತು. ಒಂದಲ್ಲ, ಎರಡಲ್ಲ, ನಿಲ್ಲಲೇ ಇಲ್ಲ. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಕೊನೆಗೆ ಮೂಲೆಯ ಬಕೆಟ್ಟಿಗೆ ವಾಂತಿ ಮಾಡಿಕೊಂಡು ಗೋಡೆ ಹಿಡಿದು ನಿಂತರು. ಬಕೆಟ್ಟು ಎತ್ತಲು ಬಂದ ಮೀನಾಕ್ಷಮ್ಮ, "ನೆನ್ನೆನೂ ಮೂರು ಸಲ ಹಿಂಗೇ ಆಯ್ತಲ್ಲಪ್ಪ ಇವರಿಗೆ" ಎಂದಳು.

ನಾನು ಸಿರಿಂಜು ಕೆಳಗಿಟ್ಟೆ. ಸೀದಾ ಟೋಕನ್ ಮೇಜಿಗೆ ಹೋಗಿ ಅವರ ಡ್ರಾಯರು ಎಳೆದೆ. ಪೆನ್ನು, ವಿಭೂತಿ ಗಟ್ಟಿ, ಒಣಶುಂಠಿ, ಅದರ ಕೆಳಗೆ ಮೇಡಂ ಕೊಟ್ಟ ಐದು ದಿನದ ಮಾತ್ರೆ. ಒಂದೂ ಒಡೆದಿರಲಿಲ್ಲ.

ಮೇಡಂ ಕೋಣೆಯಲ್ಲಿ ಆ ಮಾತ್ರೆಯನ್ನು ಅವರ ಮುಂದಿಟ್ಟಾಗ ತೋಂಟದಾರ್ಯನವರು ಕಡೆಯ ಬಾಣ ಬಿಟ್ಟರು. "ಮೇಡಂ, ನಾಯಿಕೆಮ್ಮಾದ್ರೆ ಕೊನೇಲಿ 'ಕೂ' ಅನ್ಬೇಕಲ್ಲ? ನಂದು ಅಂತಾನೇ ಇಲ್ಲ. ಬೇಕಾದ್ರೆ ಇನ್ನೊಂದ್ಸಲಿ ಕೆಮ್ಮಿ ತೋರಿಸ್ತೀನಿ."

"ಬೇಡ, ಬೇಡ!" ಎಂದು ಮೇಡಂ ಕುರ್ಚಿ ಹಿಂದೆ ಸರಿಸಿದರು. "ದೊಡ್ಡವರಲ್ಲಿ ಎಷ್ಟೋ ಸಲ ಆ ಸದ್ದು ಬರೋದೇ ಇಲ್ಲ. ಬರೀ ಕೆಮ್ಮು, ವಾಂತಿ, ಅಷ್ಟೇ. ಅದಕ್ಕೇ ಯಾರಿಗೂ ಗೊತ್ತಾಗಲ್ಲ, ಮಕ್ಕಳಿಗೆ ಹರಡಿಬಿಡುತ್ತೆ."

"ಸದ್ದೇ ಬರಲ್ವಾ?" ಎಂದು ಕೇಳಿದರು. ಮತ್ತೆ ಒಂದು ಸಲ, ಸಣ್ಣ ದನಿಯಲ್ಲಿ, "ಸದ್ದೇ ಬರಲ್ವಾ?"

ಊರಿನ ಕೊಬ್ಬರಿಯನ್ನೆಲ್ಲ ಅಲ್ಲಾಡಿಸಿ ನೋಡಿದ ಮನುಷ್ಯ ತನ್ನ ಬುರುಡೆಯನ್ನು ಅಲ್ಲಾಡಿಸಿ ನೋಡಿಕೊಳ್ಳಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಇದನ್ನು ಬಾಯಿಬಿಟ್ಟು ಹೇಳಬೇಕೆಂದು ನನ್ನ ನಾಲಗೆ ತುರಿಸಿತು. ಅವರ ಮುಖ ನೋಡಿ ನುಂಗಿಕೊಂಡೆ.

ಮೂಗಿನಿಂದ ತೆಗೆದ ಮಾದರಿಯನ್ನು ವಾಸಿಫ್ ಬೆಂಗಳೂರಿಗೆ ಕಳಿಸಿದ. ಎರಡು ದಿನ ಬಿಟ್ಟು ಬಂದ ವರದಿಯೂ ಅದನ್ನೇ ಹೇಳಿತು. ಮೇಡಂ ಅಷ್ಟು ಹೊತ್ತು ಕಾಯದೆ ಅಲ್ಲೇ ಮಾತ್ರೆ ನುಂಗಿಸಿದರು. ಐದು ದಿನದ ಮಾತ್ರೆ ಪೂರ್ತಿ ಮುಗಿಯುವ ತನಕ ಮಗುವಿನ ಹತ್ತಿರ ಸುಳಿಯಕೂಡದು, ಮನೆಯಲ್ಲಿ ಅವರ ಜೊತೆಗಿರುವ ತಂಗಿಗೂ ಇದೇ ಮಾತ್ರೆ ಕೊಡಬೇಕು, ಸೂಜಿಯನ್ನು ವಾಸಿಯಾದ ಮೇಲೆ ನೋಡೋಣ ಎಂದರು. ತೋಂಟದಾರ್ಯನವರು ಬೆರಳು ಮಡಿಸಿ ಎಣಿಸಿದರು. ಐದನೆಯ ಬೆರಳು ಹನ್ನೊಂದನೆಯ ದಿನದ ಮೇಲೆ ಬಂದು ನಿಂತಿತು. ಆ ದಿನ ಕಳೆದರೆ ಮುಗಿಯುತ್ತದೆ. ತೊಟ್ಟಿಲು ಆ ದಿನ ಬೆಳಿಗ್ಗೆಯೇ ಇತ್ತು.

"ಒಂದು ದಿನ ಮುಂದಕ್ಕೆ ಹಾಕಿ," ಎಂದರು ಮೇಡಂ.

"ಬೀಗರು ಕಾರ್ಡು ಹಂಚ್ಬುಟ್ಟವ್ರೆ ಮೇಡಂ."

"ಹಾಗಾದ್ರೆ ಮಗಳಿಗೆ ಇವತ್ತೇ ಹೇಳಬೇಕು. ನೀವು ಹೇಳ್ತೀರೋ, ನಾನು ಹೇಳಲೋ?"

"ನಾನೇ ಹೇಳ್ತೀನಿ," ಎಂದರು. ನಾವು ನಂಬಿದೆವು.

ಒಂದು ಕೆಲಸ ಅಚ್ಚುಕಟ್ಟಾಗಿ ಮಾಡಿದರು. ಆ ಎರಡು ವಾರದಲ್ಲಿ ಆಸ್ಪತ್ರೆಗೆ ಬಂದಿದ್ದ ಎಳೆಮಕ್ಕಳ ಮನೆಗೆಲ್ಲ ತಾವೇ ಫೋನು ಮಾಡಿದರು. "ನಮ್ಮಲ್ಲೊಬ್ಬ ತಲೆಕೆಟ್ಟೋನಿಗೆ ನಾಯಿಕೆಮ್ಮು ಬಂದೈತೆ ಕಣಮ್ಮ, ಮಗೂಗೆ ಕೆಮ್ಮಿದ್ರೆ ಈಗಿಂದೀಗ್ಲೇ ಕರ್ಕೊಂಡು ಬಾ" ಎಂದರಂತೆ. ತಲೆಕೆಟ್ಟವನ ಹೆಸರು ಹೇಳಲಿಲ್ಲ. ದೇವರು ದೊಡ್ಡವನು, ಯಾವ ಮಗುವಿಗೂ ತಗುಲಿರಲಿಲ್ಲ. ಅದು ಖಾತ್ರಿಯಾಗುವ ತನಕ ನನಗೆ ಅನ್ನ ಇಳಿಯಲಿಲ್ಲ.

ತೊಟ್ಟಿಲ ದಿನ ಭಾನುವಾರ. ನಮ್ಮ ಮನೆಯವರು ನೂರ್ ಅಹಮದ್, ಟೈಲರು, ಮಗುವಿಗೆಂದು ಕುಚ್ಚು ಇಟ್ಟ ಒಂದು ಕುಲಾವಿ ಹೊಲಿದಿದ್ದರು. ಇಬ್ಬರೂ ಸ್ಕೂಟರಿನಲ್ಲಿ ಹೊನ್ನವಳ್ಳಿಗೆ ಹೋದೆವು. ಅಂಗಳದಲ್ಲಿ ಚಪ್ಪರ, ನೂರು ಜನ. ಬಾಗಿಲಲ್ಲೇ ಆಶಾಳ ಮಾವ ಹಾಲಸ್ವಾಮಿಯವರು ಕೈ ಮುಗಿದು ಬರಮಾಡಿಕೊಂಡರು.

"ಯಜಮಾನ್ರು ಎಲ್ಲಿ?" ಎಂದು ನಾನು ಕೇಳುವ ಮುಂಚೆ ಅವರೇ ಹೇಳಿದರು: "ನಮ್ಮ ಬೀಗರು ತೋಟದ ಶೆಡ್ನಲ್ಲವ್ರೆ ಕಣ್ರೀ. ಎಂಥಾ ದೊಡ್ಡ ಮನುಷ್ಯ! ಮೊಮ್ಮಗಳು ಹುಟ್ಟಿದ್ರೆ ಹನ್ನೊಂದು ದಿನ ತುಂಬೋಗಂಟ ಮನೆ ಹೊಸ್ತಿಲು ತುಳಿಯಲ್ಲ ಅಂತ ಹರಕೆ ಹೊತ್ತವ್ರಂತೆ. ಈ ಕಾಲದಲ್ಲಿ ಯಾರು ಮಾಡ್ತಾರೆ ಹೇಳಿ?"

ಹರಕೆ! ನನ್ನ ಕಿವಿಯಲ್ಲಿ ಹೊಗೆ ಬಂತು. ಮಗಳಿಗೆ ಹೇಳಿಯೇ ಇಲ್ಲ ಈ ಮನುಷ್ಯ. ತಂಗಿಗೆ ಆ ಮಾತ್ರೆಗಳನ್ನು ಶಕ್ತಿ ಮಾತ್ರೆ ಎಂದು ಹೇಳಿ ನುಂಗಿಸಿದ್ದರೆಂದು ಆಮೇಲೆ ತಿಳಿಯಿತು.

ಕೊಬ್ಬರಿ ಅಟ್ಟದ ಶೆಡ್ಡು ಮನೆಯ ಹಿಂದೆ, ತೆಂಗಿನ ಸಾಲಿನ ನಡುವೆ ಇತ್ತು. ಅದರ ಮುಂದೆ ಏಳೆಂಟು ಜನ ಭಕ್ತಿಯಿಂದ ನಿಂತಿದ್ದರು. ಸುಳ್ಳಿಗೆ ಕಾಲು ಬಂದು ಊರು ಸುತ್ತಿ, ಹರಕೆ ಹೊತ್ತವರ ಕೈಯಿಂದ ವಿಭೂತಿ ಹಚ್ಚಿಸಿಕೊಂಡರೆ ಮಕ್ಕಳಿಗೆ ದೃಷ್ಟಿ ತಾಕುವುದಿಲ್ಲ ಎನ್ನುವವರೆಗೂ ಬೆಳೆದಿತ್ತು. ಒಬ್ಬಾಕೆ ವರ್ಷದ ಮಗುವನ್ನು ಎತ್ತಿಕೊಂಡು ಮುಂದೆ ಹೋಗಲು ನೋಡುತ್ತಿದ್ದಳು. ತೋಂಟದಾರ್ಯನವರು ಶೆಡ್ಡಿನ ಬಾಗಿಲಲ್ಲಿ ಒಂದು ಒಣಗಿದ ತೆಂಗಿನಗರಿ ಹಿಡಿದು, "ಹೋಗ್ರೀ! ಹತ್ರ ಬರ್ಬ್ಯಾಡ್ರೀ! ಹೋಗ್ರೀ ಅಂದ್ರೆ!" ಎಂದು ಬೀಸುತ್ತಿದ್ದರು. ಅವರು ಬೀಸಿದಷ್ಟೂ ಜನ ಕೈ ಮುಗಿಯುತ್ತಿದ್ದರು. "ನೋಡಿ, ಎಷ್ಟು ಕಟ್ಟುನಿಟ್ಟು" ಎಂದು ಒಬ್ಬ ಮುದುಕ ಕಣ್ಣೊರೆಸಿಕೊಂಡ.

"ಎಲ್ಲರೂ ಹಿಂದಕ್ಕೆ ಹೋಗಿ, ಊಟಕ್ಕೆ ಎಲೆ ಹಾಕಿದ್ದಾರೆ," ಎಂದು ಕೂಗಿದೆ. ಎಲೆ ಹಾಕಿರಲಿಲ್ಲ. ಆದರೂ ಶೆಡ್ಡಿನ ಮುಂದೆ ಒಬ್ಬರೂ ಉಳಿಯಲಿಲ್ಲ.

ನಾನು ಮಾಸ್ಕ್ ಹಾಕಿಕೊಂಡು ಹತ್ತು ಹೆಜ್ಜೆ ದೂರದಲ್ಲಿ ನಿಂತೆ. "ನಾಚಿಕೆ ಆಗಲ್ವಾ ನಿಮಗೆ?"

"ಆಗ್ತದೆ ಸಿಸ್ಟರಮ್ಮ. ಅದಕ್ಕೇ ಹೇಳ್ಲಿಲ್ಲ." ಮೂರು ದಿನದ ಗಡ್ಡದಲ್ಲಿ ಅವರು ಇದ್ದುದಕ್ಕಿಂತ ಮುದುಕರಾಗಿ ಕಂಡರು. "ಅರವತ್ತೊಂದು ವರ್ಷದೋನು, ಮಕ್ಳ ಕಾಯ್ಲೆ ಬಂದೈತೆ ಅಂತ ಬೀಗರ ಮುಂದೆ ಹೆಂಗೆ ಹೇಳ್ಲಿ? ಊರೋರ ಕೆಮ್ಮೆಲ್ಲ ಹೇಳಿದೋನಿಗೆ ತನ್ನ ಕೆಮ್ಮು ಗೊತ್ತಾಗ್ಲಿಲ್ಲ ಅಂತ ನಗಲ್ವಾ?"

"ನಗಲಿ. ನಕ್ಕರೆ ಯಾರೂ ಸಾಯಲ್ಲ."

"ಇವತ್ತು ಐದನೇ ದಿನ. ಬೆಳಿಗ್ಗೆ ಕೊನೇ ಮಾತ್ರೆನೂ ನುಂಗಿವ್ನಿ. ಬರೀ ಮೂರು ಮಾತು ಸಿಸ್ಟರಮ್ಮ, ಕಿವಿಯಲ್ಲಿ. ಕೆಮ್ಮೂ ಇಲ್ಲ, ನೋಡಿ." ಉಸಿರು ಬಿಗಿ ಹಿಡಿದು ನಿಂತು ತೋರಿಸಿದರು. ಹತ್ತು ಎಣಿಸುವಷ್ಟರಲ್ಲಿ ಕೆಮ್ಮು ಒದ್ದುಕೊಂಡು ಬಂತು. ಬಾಗಿಲ ಚೌಕಟ್ಟು ಹಿಡಿದು ಕೆಮ್ಮಿ ಕೆಮ್ಮಿ ಕೂತುಬಿಟ್ಟರು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ನೀವು ಹೇಳ್ತೀರೋ, ನಾನು ಹೇಳಲೋ?" ಎಂದೆ.

ಅವರು ಉತ್ತರ ಕೊಡುವ ಮೊದಲೇ ಹಿಂದೆ ಗದ್ದಲವಾಯಿತು. ತಿರುಗಿ ನೋಡಿದರೆ ಮನೆಯಿಂದ ಇಡೀ ಚಪ್ಪರವೇ ಎದ್ದು ಬರುತ್ತಿತ್ತು. ಮುಂದೆ ಹಾಲಸ್ವಾಮಿಯವರು, ಅವರ ಅಕ್ಕ ಆರತಿ ತಟ್ಟೆ ಹಿಡಿದು, ನಡುವೆ ಆಶಾ, ಅವಳ ತೋಳಿನಲ್ಲಿ ಮಗು.

"ಅಪ್ಪಾ," ಎಂದು ಆಶಾ ನಗುನಗುತ್ತಾ ಬಂದಳು, "ನಿನ್ನ ಹರಕೆ ಮುರೀಬ್ಯಾಡ. ನೀನು ಹೊಸ್ತಿಲು ದಾಟ್ಬಾರ್ದು ತಾನೆ? ಮಗೂನೇ ಇಲ್ಲಿಗೆ ತಂದಿದ್ದೀನಿ. ಹೆಸ್ರು ಹೇಳು."

ಅವರ ಸುಳ್ಳೇ ಮಗುವನ್ನು ಕೈಹಿಡಿದು ಕರೆತಂದಿತ್ತು. ನಾನು ಅಡ್ಡ ಹೋಗಲು ಹೆಜ್ಜೆ ಎತ್ತಿದೆ. ಆಶಾ ಹತ್ತು ಹೆಜ್ಜೆ ದೂರದಲ್ಲಿದ್ದಳು. ಕುಲಾವಿಯ ಕೆಳಗೆ ಮಗುವಿನ ಮುಖ ಕಾಣುತ್ತಿತ್ತು. ತೋಂಟದಾರ್ಯನವರು ಗಾಜಿಲ್ಲದೆ ಅದನ್ನು ನೋಡಿದ್ದು ಅದೇ ಮೊದಲು. ಅವರ ಎರಡೂ ಕೈ ತಮಗೆ ತಾವೇ ಮುಂದಕ್ಕೆ ಬಂದವು. ಅದನ್ನು ನಾನು ಕಣ್ಣಾರೆ ಕಂಡೆ.

ಆಮೇಲೆ ಆ ಕೈಗಳು ಕೆಳಗೆ ಬಿದ್ದ ತೆಂಗಿನಗರಿಯನ್ನು ಎತ್ತಿಕೊಂಡವು.

"ಅಲ್ಲೇ ನಿಂತ್ಕೊ ಕಣವ್ವಾ! ಒಂದು ಹೆಜ್ಜೆನೂ ಮುಂದಕ್ಕಿಡ್ಬ್ಯಾಡ! ಹರಕೆನೂ ಇಲ್ಲ ಮಣ್ಣೂ ಇಲ್ಲ. ನಂಗೆ ನಾಯಿಕೆಮ್ಮು!"

ಚಪ್ಪರ ಗರಬಡಿದಂತೆ ನಿಂತಿತು.

"ನಾಯಿಕೆಮ್ಮಾ?" ಎಂದರು ಹಾಲಸ್ವಾಮಿ. "ಅದು ಮಕ್ಳಿಗೆ ಬರೋದಲ್ವೇನ್ರೀ?"

"ಬುದ್ಧಿ ಬೆಳೀದೇ ಇರೋರಿಗೆಲ್ಲ ಬತ್ತದೆ ಬೀಗ್ರೇ. ಸೂಜಿ ಹಾಕಿಸ್ಕೊಳ್ಳಿ ಅಂತ ಈಯಮ್ಮ ಮೂರು ವಾರ ಬಡ್ಕೊಂಡ್ರು. ನಾನು ಕೇಳ್ಲಿಲ್ಲ."

ಹಿಂದೆ ಯಾರೋ ಕಿಸಕ್ಕೆಂದರು. ಕಿಸಕ್ಕೆಂದದ್ದು ಹರಡಿ ಎಲ್ಲರೂ ನಕ್ಕರು. ಕಣ್ಣೊರೆಸಿಕೊಂಡಿದ್ದ ಮುದುಕ, "ಅಯ್ಯೋ, ನಾನು ಕೈ ಮುಗಿದ್ನಲ್ಲೋ" ಎಂದ. ಆಶಾ ಮಾತ್ರ ನಗಲಿಲ್ಲ. "ನಾಕು ದಿನದಿಂದ ನಂಗೆ ಸುಳ್ಳು ಹೇಳ್ದಾ ಅಪ್ಪ?" ಎಂದಳು. ಮಗುವನ್ನು ಎದೆಗೆ ಒತ್ತಿಕೊಂಡು ಅವಳೇ ಎರಡು ಹೆಜ್ಜೆ ಹಿಂದೆ ಹೋದಳು.

"ಹೂಂ ಕಣವ್ವ. ಬೈಯೋದು ಆಮೇಲೆ ಎಷ್ಟು ಬೇಕಾದ್ರೂ ಬೈಯಿ. ಹೊತ್ತು ಮೀರ್ತದೆ, ಹೆಸ್ರು ಹೇಳ್ಸಿ."

"ನಮ್ಮಕ್ಕ ಹೇಳ್ತಾಳೆ ಬುಡಿ," ಎಂದರು ಹಾಲಸ್ವಾಮಿ. ಅಕ್ಕ ಆರತಿ ತಟ್ಟೆ ಹಿಡಿದ ಕೈಯಿಂದಲೇ ಮೂಗೊರೆಸಿಕೊಂಡು ಮುಂದೆ ಬಂದರು.

"ಬ್ಯಾಡ!" ಎಂದು ತೋಂಟದಾರ್ಯನವರು ಗರಿ ಎತ್ತಿದರು. "ಇಲ್ಲಿರೋರಲ್ಲಿ ಸೂಜಿ ಆಗಿರೋರು ಯಾರು?"

ನೂರು ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ನನ್ನ ಮುಖ ನೋಡಿದರು. ಹಾಲಸ್ವಾಮಿಯವರು ನನ್ನ ತಲೆಯ ಮೇಲಿನ ಸೆರಗನ್ನು ನೋಡಿದರು, ತೊಟ್ಟಿಲಿದ್ದ ಮನೆಯ ಕಡೆ ನೋಡಿದರು, ಗಂಟಲು ಸರಿಮಾಡಿಕೊಂಡರು.

"ಏನ್ ಯೋಚ್ನೆ ಮಾಡ್ತಿದ್ದೀರೋ ಗೊತ್ತು ಬೀಗ್ರೇ," ಎಂದರು ತೋಂಟದಾರ್ಯನವರು.

"ಏನೂ ಇಲ್ಲ ಕಣ್ರೀ. ಸಿದ್ದಗಂಗಮ್ಮ ಅನ್ನೋದು ಈ ತಾಯಿ ಬಾಯಿಗೆ ಸಲೀಸಾಗಿ ಬತ್ತದಾ ಅಂತ."

ನನಗೆ ತಡೆಯಲಾಗಲಿಲ್ಲ. "ಈ ಮೂರು ತಾಲ್ಲೂಕಿನ ಸಿದ್ದಗಂಗಮ್ಮಂದಿರ ಮೊಮ್ಮಕ್ಕಳಿಗೆಲ್ಲ ಹತ್ತೊಂಬತ್ತು ವರ್ಷದಿಂದ ಸೂಜಿ ಹಾಕಿದ್ದೀನಿ ಸ್ವಾಮಿ. ಹೆಸರು ತಪ್ಪಿ ಕೂಗಿದ್ರೆ ಆ ಅಜ್ಜಿಯರು ನನ್ನ ಬಿಡ್ತಿದ್ರಾ?" ಎಂದೆ. ಹಾಲಸ್ವಾಮಿಯವರು ನಕ್ಕುಬಿಟ್ಟರು. ಆಶಾ ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು, ಮಗುವನ್ನು ನನ್ನ ಕಡೆ ಚಾಚಿದಳು.

ನಾನು ಸೋಪು ತರಿಸಿ ಕೈ ತೊಳೆದೆ, ಹೊಸ ಮಾಸ್ಕ್ ಹಾಕಿಕೊಂಡೆ. ಹನ್ನೊಂದು ದಿನದ ಮಗು ಏನು ತೂಗುತ್ತದೆ! ಆದರೂ ಆವತ್ತು ತುಂಬಿದ ಕೊಡ ಎತ್ತುವ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡೆ.

"ಕೂಗಬೇಕಾದೋರು ನೀವೇ ಯಜಮಾನ್ರೇ," ಎಂದೆ. "ನಾನು ಬರೀ ತಲುಪಿಸ್ತೀನಿ. ಅಲ್ಲಿಂದಲೇ ಕೂಗಿ."

ಕಿವಿಯಲ್ಲಿ ಗುಟ್ಟಾಗಿ ಹೇಳಬೇಕಾದ ಹೆಸರನ್ನು ಅವರು ತೆಂಗಿನ ಮರದ ಕೆಳಗೆ ನಿಂತು, ತೋಟಕ್ಕೆಲ್ಲ ಕೇಳುವ ಹಾಗೆ ಕೂಗಿದರು. "ಸಿದ್ದಗಂಗಮ್ಮಾ!" ಮೊದಲ ಸಲ ದನಿ ಒಡೆಯಿತು. ನಾನು ಬಗ್ಗಿ ಮಗುವಿನ ಕಿವಿಯಲ್ಲಿ ಹೇಳಿದೆ. ಎರಡನೆಯ ಸಲ ಕೂಗಿದರು, ಹೇಳಿದೆ. ಮೂರನೆಯ ಸಲ ಏಳು ವರ್ಷದ ಹುಡುಗ ಅವ್ವನನ್ನು ಕರೆದ ಹಾಗಿತ್ತು. ನಮ್ಮ ಮನೆಯವರು ಬೇಲಿಯ ಹತ್ತಿರ ಮುಖ ತಿರುಗಿಸಿಕೊಂಡು ಕನ್ನಡಕ ಒರೆಸುತ್ತಿದ್ದರು.

ಮೂರು ಸಲ ಆಗಿತ್ತು. ಅಲ್ಲಿಗೆ ಶಾಸ್ತ್ರ ಮುಗಿಯಿತು. ನಾನು ತಲೆ ಎತ್ತಲಿಲ್ಲ. ಅವರ ಪದ್ಧತಿಯಲ್ಲೂ ಇಲ್ಲದ, ನಮ್ಮ ಪದ್ಧತಿಯಲ್ಲೂ ಇಲ್ಲದ ನಾಲ್ಕನೆಯದೊಂದನ್ನು ನಾನೇ ಸೇರಿಸಿ, ಯಾರಿಗೂ ಕೇಳದ ಹಾಗೆ ಆ ಪುಟ್ಟ ಕಿವಿಯಲ್ಲಿ ಹೇಳಿದೆ:

"ಅಷ್ಟು ದೂರ ನಿಂತು ಕೂಗಿದ್ದು ನಿನ್ನ ತಾತ ಕಣೇ. ನಿನ್ನ ಮೇಲೆ ಆಸೆ ಜಾಸ್ತಿ, ಅದಕ್ಕೇ ಹತ್ತಿರ ಬರಲಿಲ್ಲ."